ಪುಟ್ಟತಾಯಿಗೆ ಮಾತು ಕೊಟ್ಟ ಮಾದಪ್ಪ

ಮಾದಪ್ಪನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಮ್ಮದು ಹನೂರಿನ ಹತ್ತಿರದ ಬಂಡಳ್ಳಿ. ಎರಡು ಸಾವಿರದ ಎರಡನೇ ಇಸವಿಯ ಕಾರ್ತಿಕ ಸೋಮವಾರ ಬೆಳಿಗ್ಗೆ, ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಹೆಂಡತಿ ಪುಟ್ಟತಾಯಿ ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕೂತಳು. "ತಲೆ ಸೀಳೋಯ್ತದೆ ಕಣ್ರಿ" ಅಂದಳು. ವಾಂತಿಯಾಯಿತು. ಬಾಯಿ ಸೊಟ್ಟಗಾಯಿತು. ಬಲಗೈ, ಬಲಗಾಲು ಸೋತು ಗೋಡೆಗೆ ಒರಗಿದಳು. ಆಮೇಲೆ ಎಷ್ಟು ಕೂಗಿದರೂ ಮಾತಿಲ್ಲ.

ಪಕ್ಕದ ಮನೆಯವರ ಜೀಪಿನಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬಿ.ಪಿ. ನೋಡಿದ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಕ್ಷಣ ಮೈಸೂರಿಗೆ ಹೊರಡಿ ಎಂದರು. ಆಂಬುಲೆನ್ಸಿನಲ್ಲಿ ಅವಳ ತಲೆ ಅಲುಗಾಡದ ಹಾಗೆ ಎರಡು ಕೈಯಲ್ಲೂ ಹಿಡಿದು ಕೂತಿದ್ದೆ. ನಾಲ್ಕು ಜನರ ಎದುರು ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಎಚ್ಚರವಿದ್ದಿದ್ದರೆ ನಾಚಿಕೊಂಡು ಕೈ ತಳ್ಳುತ್ತಿದ್ದಳು.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮಿದುಳಿನೊಳಗೆ ರಕ್ತನಾಳ ಒಡೆದಿದೆ ಎಂದರು. ಆಪರೇಷನ್ ಈಗ ಬೇಡ, ಬಿ.ಪಿ. ಇಳಿಸಿ ಕಾದು ನೋಡೋಣ ಎಂದರು. ಮೂಗಿಗೆ ನಳಿಗೆ ಹಾಕಿ ಅದರಲ್ಲೇ ಗಂಜಿ ಕೊಟ್ಟರು. ಕಣ್ಣು ಬಿಟ್ಟರೂ ಅವಳು ನನ್ನನ್ನು ಗುರುತಿಸುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬೇಡುತ್ತಿದ್ದೆ: ಮಾದಪ್ಪಾ, ಅವಳು ಕೆಲಸ ಮಾಡದಿದ್ದರೂ ಸರಿ, ಮನೆಯಲ್ಲಿ ಒಂದು ಕಡೆ ಕೂತು ನನ್ನನ್ನು ಬೈದುಕೊಂಡಿರಲಿ.

ಹೊನ್ನೂರಿನಿಂದ ನನ್ನಕ್ಕ ಗೌರಮ್ಮ ಬಂದಳು. ಕಾಲುವೆ ಅಂಚಿನ ಒಂದೆಲಗದ ಸೊಪ್ಪು ಅರೆದು, ರಸ ಹಿಂಡಿ, ಬಾಟಲಿಯಲ್ಲಿ ತಂದಿದ್ದಳು.

"ಇದ ಕುಡುಸ್ಲಾ ಶಿವ. ತಲೆಗೆ ಇದ್ಕಿಂತ ಔಸ್ದಿ ಇನ್ಯಾವ್ದದೆ?"

ನನಗೂ ಅದೇ ಮಾದಪ್ಪನ ಪ್ರಸಾದದಂತೆ ಕಂಡಿತು. ಚಮಚಕ್ಕೆ ಬಗ್ಗಿಸಿ ಅವಳ ತುಟಿಯ ಹತ್ತಿರ ತಂದಿದ್ದೆ. ಅತ್ತ ಬಂದ ನರ್ಸಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನುಂಗೋ ಶಕ್ತಿ ಇಲ್ಲ ಕಣ್ರಿ ಇವ್ರಿಗೆ. ಇದು ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ."

ಅಕ್ಕನಿಗೆ ಸಿಟ್ಟು ಬಂತು. ನಾನು ಚಮಚದ ರಸವನ್ನು ಬಾಟಲಿಗೇ ಸುರಿದು ಮುಚ್ಚಳ ಹಾಕಿದೆ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದು, ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಬೈಯಲಿಲ್ಲ. ಅಕ್ಕನ ಪಕ್ಕದಲ್ಲೇ ಕೂತು ಹೇಳಿದರು:

"ಒಡೆದ ನಾಳದಿಂದ ರಕ್ತ ಸೋರೋದು ಈಗ ನಿಂತಿದೆ ಅಮ್ಮ. ಆದ್ರೆ ಚೆಲ್ಲಿದ ರಕ್ತ ಸುತ್ತಲಿನ ಮಿದುಳನ್ನೂ ಕೆಡಿಸ್ತಾ ಹೋಗುತ್ತೆ. ಅದನ್ನ ಕಾಪಾಡೋಕೆ ಏನಾದ್ರೂ ಸಿಗುತ್ತಾ ಅಂತ ಇಂಥ ಸೊಪ್ಪಿನ ಸತ್ವ, ನೀವು ಬೆಳೆಯೋ ಅರಿಶಿನದ ಸತ್ವ ತೆಗೆದು ಇಲಿಗಳ ಮೇಲೆ ನೋಡ್ತಾ ಇದ್ದಾರೆ. ಮನುಷ್ಯರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ಇನ್ನೂ ಗೊತ್ತಿಲ್ಲ. ಕೆಲವು ರಕ್ತವನ್ನ ತೆಳು ಮಾಡ್ತವೆ. ಈಗ ಮತ್ತೆ ರಕ್ತ ಹರಿದ್ರೆ ನಮ್ಮ ಕೈಲಿ ಏನೂ ಇರಲ್ಲ."

"ಅಂಗಾರೆ ನಮ್ ಸೊಪ್ಪು ಸುಳ್ಳಾ ತಾಯಿ?" ಅಕ್ಕ ಕೇಳಿದಳು.

"ಸುಳ್ಳಲ್ಲ. ಔಷಧಿ ಅನ್ನೋಕೆ ಇನ್ನೂ ಪರೀಕ್ಷೆ ಆಗಿಲ್ಲ ಅಷ್ಟೆ. ನುಂಗೋ ಹಾಗಾಗಲಿ, ಆಮೇಲೆ ಊಟದ ಜೊತೆ ಒಂದು ಚೂರು ಚಟ್ನಿ ತಿನ್ಲಿ."

ಅಕ್ಕ ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನೆ ಅತ್ತಳು. ನಾನು ಬೆಂಚಿಗೆ ಹೋಗಿ ಕೂತೆ. ಇಷ್ಟು ದಿನ ಪುಟ್ಟತಾಯಿಯನ್ನು ಎಬ್ಬಿಸು ಎಂದು ಮಾದಪ್ಪನನ್ನು ಬೇಡುತ್ತಿದ್ದವನು, ಅಂದು ಮಾತ್ರ, ನನ್ನ ಕೈ ತಡೆದೆಯಲ್ಲಪ್ಪ, ಇನ್ನು ನಿನ್ನಿಷ್ಟ ಎಂದೆ. ಮನಸ್ಸು ಹಗುರಾಯಿತು.

ದಿನ ಕಳೆದಂತೆ ಅವಳ ಕಣ್ಣು ನನ್ನ ಹಿಂದೆ ಓಡಾಡತೊಡಗಿತು. ಚಮಚದಲ್ಲಿ ನೀರು ಕೊಟ್ಟು ಪರೀಕ್ಷೆ ಮಾಡಿ ನಳಿಗೆ ತೆಗೆದರು. ಒಂದು ಮಧ್ಯಾಹ್ನ ಅಕ್ಕ ಮೊಸರನ್ನ ನುಣ್ಣಗೆ ಕಿವುಚಿ, ಡಾಕ್ಟರಮ್ಮನನ್ನು ಕೇಳಿಯೇ, ಒಂದೆಲಗದ ಚಟ್ನಿ ಸ್ವಲ್ಪ ಸೇರಿಸಿ ತಂದಳು. ಬಿ.ಪಿ. ಇದೆಯೆಂದು ಎರಡಕ್ಕೂ ಉಪ್ಪು ಹಾಕಿರಲಿಲ್ಲ. ನಾನು ತಿನ್ನಿಸಿದೆ. ಪುಟ್ಟತಾಯಿ ನಿಧಾನವಾಗಿ ನುಂಗಿದಳು. ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ಸೊಟ್ಟ ಬಾಯಿ ಅಲುಗಿತು.

"ಉ... ಉಪ್ಪು."

ನನ್ನ ಕೈಯಿಂದ ಚಮಚ ಜಾರಿತು. ಅಕ್ಕ "ಮಾದೇವ, ಮಾದೇವ" ಎನ್ನುತ್ತ ನೆಲಕ್ಕೆ ಕೂತಳು. ಸುದ್ದಿ ಕೇಳಿ ಬಂದ ಡಾಕ್ಟರಮ್ಮ, ಉಪ್ಪೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳು ತಾಯಿ ಎಂದು ನಕ್ಕರು.

ಸೊಪ್ಪಿನಿಂದ ಮಾತು ಬಂತೆಂದು ನಾನು ಹೇಳುವುದಿಲ್ಲ. ಅದು ಅವಳು ತಿಂದ ಮೊದಲ ತುತ್ತಷ್ಟೆ. ಡಾಕ್ಟರ ಔಷಧಿ, ನರ್ಸಮ್ಮನ ಕೈ, ಅಕ್ಕನ ಕಕ್ಕುಲಾತಿ, ಎಲ್ಲದರೊಳಗೂ ಮಾದಪ್ಪನೇ ಓಡಾಡಿದ ಎಂದು ನಂಬಿದ್ದೇನೆ. ಇಂಥ ಕಷ್ಟ ಬಂದವರು ಮೊದಲು ಆಸ್ಪತ್ರೆಗೆ ಓಡಿ. ಅಲ್ಲಿಗೂ ಅವನು ಬರುತ್ತಾನೆ.

ಈಗ ಅವಳು ಕೋಲು ಹಿಡಿದು ನಡೆಯುತ್ತಾಳೆ. ಬಲಗೈ ಬೆರಳು ಇನ್ನೂ ಮಡಚುವುದಿಲ್ಲವಾದ್ದರಿಂದ ಜಡೆ ಹೆಣೆಯುವವನು ನಾನೇ. ಈ ವರ್ಷ ಯುಗಾದಿ ಕಳೆದ ಮೇಲೆ ಬಸ್ಸಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಸ್ವಾಮಿಯ ಮುಂದೆ ನಿಂತೆವು. ಅವಳ ತುಟಿ ಬಹಳ ಹೊತ್ತು ಅಲುಗುತ್ತಿತ್ತು. ಹೊರಗೆ ಬಂದ ಮೇಲೆ ಏನು ಬೇಡಿಕೊಂಡೆ ಎಂದು ಕೇಳಿದೆ.

"ಇವ್ರಿಗೆ ನೆಟ್ಗೆ ಜಡೆ ಎಣಿಯಾದ ಕಲ್ಸಪ್ಪ ಅಂದೆ" ಎಂದಳು, ತೊದಲುತ್ತಲೇ.

ನಾನು ಮತ್ತೆ ಒಳಗೆ ಹೋಗಿ ಕೈಮುಗಿದೆ. ತಂದೆ, ಅದನ್ನು ನಿಧಾನವಾಗಿ ಕಲಿಸು ಎಂದೆ.