ಕ್ಯಾಮರಾ ನೆಂಟರ ಕಡೆ ತಿರುಗಿದ ಮಧ್ಯಾಹ್ನ

ಆದರೆ ಸುಣ್ಣದ ಪುಡಿ ಎದ್ದದ್ದನ್ನು ನಾನು ನಿಜವಾಗಿ ಕಂಡೆನೇ? ಚೆಂಡು ಗೋಲ್ ಗೆರೆಯ ಆಚೆ ಬಿದ್ದು, ಗೆರೆಗೆ ಹಾಕಿದ್ದ ಸುಣ್ಣ ಗೇಣುದ್ದ ಮೇಲೆದ್ದು, ಬಿಸಿಲಿನಲ್ಲಿ ಒಂದು ಕ್ಷಣ ನಿಂತು ಇಳಿಯಿತು ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಹೇಳಿದಾಗಲೆಲ್ಲ ಆ ಪುಡಿ ಇನ್ನಷ್ಟು ಬೆಳ್ಳಗಾಗುತ್ತ ಬಂದಿದೆ. ನನಗೆ ಅನುಮಾನ ಬಂದದ್ದೇ ಅದರಿಂದ. ಕಂಡದ್ದು ಕಾಲ ಕಳೆದಂತೆ ಮಾಸಬೇಕು. ಇದು ಹೊಳೆಯುತ್ತಿದೆ.

ಅನುಮಾನವಿಲ್ಲದ್ದನ್ನು ಮೊದಲು ಬರೆದುಬಿಡುತ್ತೇನೆ. ಊರು ಹೊಳೆನರಸೀಪುರ. ವಾರ ಭಾನುವಾರ. ಅರಕಲಗೂಡಿನ ತಂಡಕ್ಕೂ ಚನ್ನರಾಯಪಟ್ಟಣದ ತಂಡಕ್ಕೂ ಫುಟ್‌ಬಾಲ್ ಫೈನಲ್. ಗೆದ್ದವರಿಗೆ ಒಂದು ಕಪ್, ಒಂದು ಟಗರು. ರೆಫರಿ ನನ್ನ ಅಕ್ಕ.

ಅಕ್ಕ ಕಟ್ಟಾಯದ ಕಡೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ನಾವಿಬ್ಬರೂ ಇರುವುದು ಹಾಸನದಲ್ಲಿ, ಒಂದೇ ಮನೆಯಲ್ಲಿ. ಜಿಲ್ಲೆಯಲ್ಲಿ ಎಲ್ಲಿ ಪಂದ್ಯ ನಡೆದರೂ ಅವಳನ್ನು ಕರೆಯುತ್ತಿದ್ದರು, ಆದರೆ ಬಾವುಟ ಹಿಡಿಯಲು. ಅಂಚಿನ ಗೆರೆಯ ಉದ್ದಕ್ಕೂ ಓಡುವುದು, ಬಾವುಟ ಎತ್ತುವುದು, ಬೈಸಿಕೊಳ್ಳುವುದು. ಸೀಟಿ ಯಾವಾಗಲೂ ಗಂಡಸರ ಬಾಯಲ್ಲಿ. ಅವಳು ಪರೀಕ್ಷೆ ಪಾಸು ಮಾಡಿದ ರೆಫರಿ, ಅವರಲ್ಲಿ ಕೆಲವರು ಮಾಡದವರು. ಇದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ನಾನು ಎಲ್ಲರಿಗೂ ಹೇಳುತ್ತಿದ್ದೆ.

ಆ ವರ್ಷ ಫೈನಲ್‌ನ ಸೀಟಿ ಅವಳಿಗೆ ಸಿಕ್ಕಿತು. ಯಾಕೆ ಸಿಕ್ಕಿತು ಎಂಬುದಕ್ಕೆ ನನ್ನ ಬಳಿ ಎರಡು ಕಾರಣಗಳಿವೆ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ, ಬಿಡಿ. ಸಮಿತಿಯ ಯಜಮಾನರು, ಬಿಳಿ ಪಂಚೆಯ ದೊಡ್ಡ ಆಳು, ಆಟಕ್ಕೆ ಮುಂಚೆ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದಂತೂ ನನಗೆ ಚೆನ್ನಾಗಿ ನೆನಪಿದೆ. ಅವಳ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

"ಮೇಡಂ, ಈ ಸಲ ಸೀಟಿ ನಿಮ್ ಕೈಲಿ ಕೊಟ್ಟಿವ್ನಿ. ಗಲಾಟೆ ಆಗ್ದಂಗೆ ಮುಗುಸ್ಬುಡಿ. ಗಲಾಟೆ ಆಯ್ತೋ, ಮುಂದಿನ್ ವರ್ಸ ಮತ್ತೆ ಬಾವುಟನೇಯ. ಬೇಜಾರ್ ಮಾಡ್ಕಬ್ಯಾಡಿ."

"ಆಯ್ತು ಸಾ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಎದ್ರುಕೋಬ್ಯಾಡ ಕಣೇ, ಇವತ್ತು ನಂಗೂ ಒಂದು ಸಾಕ್ಷಿ ಐತೆ," ಎಂದು ಮೈದಾನದ ಮೂಲೆ ತೋರಿಸಿದಳು.

ಅಲ್ಲಿ ಮದುವೆ ಮಂಟಪಗಳ ಮುಂದೆ ನಿಲ್ಲಿಸುವ ದೊಡ್ಡ ಎಲ್‌ಇಡಿ ಪರದೆ ನಿಂತಿತ್ತು. ದೊಡ್ಡ ದೊಡ್ಡ ಪಂದ್ಯಗಳಲ್ಲಿ ರೆಫರಿ ಓಡಿಹೋಗಿ ಟಿವಿ ನೋಡಿ ತೀರ್ಪು ಬದಲಿಸುವುದನ್ನು ಸಮಿತಿಯ ಹುಡುಗರು ಮೊಬೈಲಿನಲ್ಲಿ ನೋಡಿದ್ದರು. ನಮ್ಮಲ್ಲೂ ಒಂದಿರಲಿ ಎಂದು ಚನ್ನರಾಯಪಟ್ಟಣದಿಂದ ಮದುವೆ ವಿಡಿಯೋದವರನ್ನು ಗೊತ್ತುಮಾಡಿದ್ದರು. ಬಿಸಿಲಿಗೆ ಪರದೆಯಲ್ಲಿ ಏನೂ ಕಾಣುವುದಿಲ್ಲವೆಂದು ಗೊತ್ತಾದದ್ದು ಹಚ್ಚಿದ ಮೇಲೆ. ಆಗ ಅದರ ಸುತ್ತ ಶಾಮಿಯಾನ ಕಟ್ಟಿ, ಮುಂದೆ ಹಗ್ಗ ಎಳೆದು, ಒಳಗೆ ಕತ್ತಲು ಮಾಡಿದರು. ನೋಡಬೇಕಾದವರು ತಲೆ ಬಗ್ಗಿಸಿ ಒಳಹೋಗಬೇಕು. ಗರ್ಭಗುಡಿ ರೆಡಿ, ಇನ್ನು ಮಂಗಳಾರತಿ ಒಂದೇ ಬಾಕಿ ಎಂದು ಯಾರೋ ನಗಾಡಿದರು.

ಅಕ್ಕನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಇಷ್ಟು ವರ್ಷ ಅವಳ ಕಣ್ಣೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಂಬುವವರಿರಲಿಲ್ಲ. ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿಯಮ ವಿವರಿಸಿದ್ದಳು: ಮೊದಲು ರೆಫರಿ ತೀರ್ಪು ಕೊಡಬೇಕು. ಆಮೇಲೆ ಬೇಕಾದರೆ ವಿಡಿಯೋ ನೋಡಬಹುದು. ತೀರ್ಪು ತಪ್ಪೆಂದು ಅದರಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ಬದಲಿಸಬೇಕು, ಇಲ್ಲದಿದ್ದರೆ ಮೊದಲಿನದೇ ಉಳಿಯುತ್ತದೆ. "ತಪ್ಪಾದ್ರೆ ಒಪ್ಕೊಳ್ಳೋಕೂ ಒಂದು ದಾರಿ ಇರುತ್ತೆ ನೋಡು, ಎಷ್ಟು ಚೆಂದ!" ಎಂದಳು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಅವಳು ಹೇಳಿದ್ದು "ಚೆಂದ" ಎಂದೋ "ಚೆನ್ನ" ಎಂದೋ, ಆ ಖುಷಿಯ ದನಿ ಮಾತ್ರ ಖಂಡಿತ ಅವಳದೇ.

ಕ್ಯಾಮರಾ ಹಿಡಿದವನು ಇಪ್ಪತ್ತೈದರ ಆಸುಪಾಸಿನ ಯುವಕ. ನಡುಗೆರೆಯ ನೇರಕ್ಕೆ, ಮೈದಾನದ ಅಂಚಿನಲ್ಲಿ ಎತ್ತರಕ್ಕೆ ಕಟ್ಟಿದ ಹಲಗೆ ಮೇಲೆ ನಿಂತಿದ್ದ. "ನಮ್ಮಣ್ಣ ಬರ್ಬೇಕಿತ್ತು, ಇವತ್ತು ಮದ್ವೆಗೋಗವ್ನೆ. ಏನೂ ಯೋಚ್ನೆ ಮಾಡ್ಬ್ಯಾಡಿ ಅಕ್ಕ, ಸೊಳ್ಳೆ ಆರುದ್ರೂ ಇಡೀತೀನಿ," ಎಂದು ಅಕ್ಕನಿಗೆ ಧೈರ್ಯ ಹೇಳಿದ.

ಅಷ್ಟರಲ್ಲಿ ಅರಕಲಗೂಡಿನ ಕಡೆಯ ಒಬ್ಬ ಕೆಳಗಿನಿಂದ ಕೂಗಿದ: "ಅವ್ರೂರೋನ್ ಕೈಗೇ ಕ್ಯಾಮರಾ ಕೊಟ್ಟವ್ರಲ್ಲಾ! ಇನ್ನ ನಮ್ ಗೋಲು ಕಂಡಂಗೇಯ!"

"ಯೋವ್, ನಿಮ್ ತಾಲ್ಲೂಕಿನ್ ಅರ್ಧ ಮದ್ವೆ ನಮ್ದೇ ಕಣಯ್ಯಾ. ನಿಮ್ಮಕ್ಕನ ಮದ್ವೇಲಿ ನೀನು ಎರಡ್ನೇ ಪಂಕ್ತೀಲೂ ಕುಂತು ಉಂಡಿದ್ದು ನನ್ತಾವ್ ಐತೆ. ಪರದೆ ಮೇಲೆ ಹಾಕ್ಲಾ?"

ಆ ಮನುಷ್ಯ ನಗುತ್ತ ಕೂತ. ಸುತ್ತಲಿದ್ದವರು ಹಾಕು ಹಾಕು ಎಂದು ಬೊಬ್ಬೆ ಹೊಡೆದರು.

ಆಟ ಹೇಗಿತ್ತೆಂದು ಬರೆಯಲಾರೆ. ನನಗೆ ಫುಟ್‌ಬಾಲ್ ಅಷ್ಟು ಗೊತ್ತಿಲ್ಲ. ಚನ್ನರಾಯಪಟ್ಟಣದವರು ಮೊದಲಾರ್ಧದಲ್ಲೇ ಒಂದು ಗೋಲು ಹೊಡೆದರು. ಎರಡನೆಯ ಅರ್ಧದಲ್ಲಿ ಅವರು ಕಾಯುತ್ತಿದ್ದ ಗೋಲ್ ಕಂಬಗಳ ಹಿಂದೆ, ಅವರ ಬೆಂಬಲಿಗರ ನಡುವೆಯೇ ನನಗೆ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದ ಒಬ್ಬ ಯಜಮಾನರು ನನಗೂ ಒಂದು ಹಿಡಿ ಕೊಟ್ಟು, "ತಿನ್ನವ್ವ, ಗೆಲ್ಲಾದು ನಾವೇಯ," ಎಂದಿದ್ದರು. ನಾನು ರೆಫರಿಯ ತಂಗಿ ಎಂದು ಅವರಿಗೆ ಹೇಳಲಿಲ್ಲ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಅರಕಲಗೂಡಿನವರು ಮೂಲೆಯಿಂದ ಚೆಂಡನ್ನು ಎತ್ತರಕ್ಕೆ ಒದ್ದರು. ಗೋಲ್ ಮುಂದೆ ಹತ್ತಾರು ತಲೆಗಳು ಒಟ್ಟಿಗೆ ನೆಗೆದವು. ಯಾರದೋ ತಲೆಗೆ ತಗುಲಿ ಚೆಂಡು ಕೆಳಗೆ ಬಂತು. ಗೋಲ್‌ಕೀಪರ್ ಅದರ ಮೇಲೆ ಬಿದ್ದ. ಸುಣ್ಣದ ಪುಡಿ ಎದ್ದಿತು (ನನ್ನ ಪ್ರಕಾರ). ಅಕ್ಕ ಸೀಟಿ ಊದಿ ಮೈದಾನದ ನಡುವಿಗೆ ಕೈ ತೋರಿಸಿದಳು. ಗೋಲು.

ಗೋಲ್‌ಕೀಪರ್ ಚೆಂಡನ್ನು ತಬ್ಬಿಕೊಂಡೇ ಎದ್ದು ಕೂತ. "ದಾಟಿಲ್ಲ ಮೇಡಂ! ದೇವ್ರಾಣೆಗೂ ದಾಟಿಲ್ಲ! ಗೆರೆ ಮ್ಯಾಲಿದ್ದೀನಿ ನಾನು, ನೋಡಿ ಬೇಕಾದ್ರೆ!"

ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಗೋಲು. ಮುಕ್ಕಾಲು ದಾಟಿದರೂ ಅಲ್ಲ. ಅವನು ಬಿದ್ದು ಹೊರಳಿದ್ದರಿಂದ ಆ ಜಾಗದ ಗೆರೆಯೇ ಅಳಿಸಿಹೋಗಿತ್ತು. ನನ್ನ ಸುತ್ತ ಕೂತಿದ್ದವರು ಎದ್ದು ಮೈದಾನಕ್ಕೆ ನುಗ್ಗತೊಡಗಿದರು. ಆ ಕಡೆಯಿಂದ ಅರಕಲಗೂಡಿನವರೂ ನುಗ್ಗಿದರು. ವೇದಿಕೆಯ ಮೇಲೆ ಸಮಿತಿಯ ಯಜಮಾನರು ಕುರ್ಚಿ ಬಿಟ್ಟು ಎದ್ದು ನಿಂತರು. ಅಕ್ಕ ಅವರನ್ನು ನೋಡಿದಳು. ಮುಂದಿನ ವರ್ಷದ ಬಾವುಟ ಆಗಲೇ ಅವಳ ಕೈಗೆ ಬಂದಂತೆ ನನಗೆ ಅನ್ನಿಸಿತು.

ಆಗ ಅವಳು ಎರಡೂ ತೋರುಬೆರಳುಗಳಿಂದ ಗಾಳಿಯಲ್ಲಿ ಒಂದು ಚೌಕ ಬರೆದಳು. ವಿಡಿಯೋ ನೋಡುತ್ತೇನೆ ಎಂಬ ಸನ್ನೆ ಅದು. ಹಿಂದಿನ ದಿನ ಮನೆಯಲ್ಲಿ ಅದನ್ನು ಅಭ್ಯಾಸ ಮಾಡುತ್ತಿದ್ದುದನ್ನು ನೋಡಿದ್ದೆ. ಮೈದಾನದಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ.

"ಏ, ಫೋಟೋ ತಗೀಬೇಕಂತೆ ಕಣ್ರಲಾ!" ಎಂದ ಅರಕಲಗೂಡಿನ ಆಟಗಾರನೊಬ್ಬ.

ನಿಜ ಹೇಳುತ್ತೇನೆ, ನಾಲ್ಕೈದು ಜನ ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ನಿಂತೇಬಿಟ್ಟರು. ಒಬ್ಬ ತಲೆ ಬಾಚಿಕೊಂಡ. ಜಗಳಕ್ಕೆಂದು ನುಗ್ಗಿದ್ದ ಒಬ್ಬರು ಅಂಗಿ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು. ಅಕ್ಕ ಅವರನ್ನೆಲ್ಲ ದಾಟಿಕೊಂಡು ಶಾಮಿಯಾನದ ಕಡೆ ಓಡಿದಳು. ಅವಳ ಹಿಂದೆ ಇಡೀ ಮೈದಾನ ಓಡಿತು. ಹಗ್ಗ ಕಿತ್ತುಹೋಯಿತು. ನಾನೂ ಹೇಗೋ ಒಳಗೆ ತೂರಿಕೊಂಡೆ.

ಪರದೆಯ ಮೇಲೆ ಮೊದಲು ಬಂದದ್ದು ಗುಲಾಬಿ ಎಸಳುಗಳು. ನಿಧಾನಗತಿಯಲ್ಲಿ ತೋರಿಸಬೇಕೆಂದರೆ ಅವನ ಲ್ಯಾಪ್‌ಟಾಪ್ ಮದುವೆಯ ಅಲಂಕಾರದ ಸಮೇತವೇ ತೋರಿಸುತ್ತಿತ್ತು. ಎಸಳುಗಳ ನಡುವೆ, ಎರಡು ಹೃದಯಗಳ ಚೌಕಟ್ಟಿನೊಳಗೆ, ಅರಕಲಗೂಡಿನ ಹುಡುಗ ಮೂಲೆಯಿಂದ ಚೆಂಡು ಒದ್ದ. ಚೆಂಡು ತೇಲುತ್ತ ಬಂತು. ತಲೆಗಳು ಮೇಲೆದ್ದವು. ಜನ ಓ ಎಂದು ಕಿರುಚಿದ್ದು ಯಾವುದೋ ಪ್ರಾಣಿಯ ಗೊರಕೆಯಂತೆ ಕೇಳಿಸಿತು. ಸರಿಯಾಗಿ ಅದೇ ಗಳಿಗೆಗೆ ಕ್ಯಾಮರಾ ಚೆಂಡನ್ನು ಬಿಟ್ಟು ಸರ್ರನೆ ತಿರುಗಿ, ಕಂಬಗಳ ಹಿಂದೆ ಕೂತಿದ್ದ ಜನರ ಮುಖದ ಮೇಲೆ ನಿಂತಿತು.

"ಚೆಂಡೆಲ್ಲೋ?" ಎಂದರು ಯಜಮಾನರು.

ಕ್ಯಾಮರಾದವನು ಬೆವರಿದ್ದ. "ಸಾ, ಮದ್ವೇಲಿ ನಮ್ಮಣ್ಣ ತಾಳಿ ಇಡೀತಾನೆ, ನಾನು ನೆಂಟ್ರುನ್ನ ಇಡೀತೀನಿ. ಗಟ್ಟಿಮೇಳ ಅಂದೇಟ್ಗೆ ನಾನು ಜನದ್ ಕಡೀಕ್ ತಿರುಗ್ಬೇಕು. ಅಕ್ಷತೆ ಆಕೋರ್ ಮುಖ ಬರ್ಲಿಲ್ಲ ಅಂದ್ರೆ ನೆಂಟ್ರು ಸುಮ್ಕೆ ಬಿಟ್ಟಾರಾ? ಜನ ಕಿರುಚುದ್ರು... ಕೈ ತಂತಾನೇ ತಿರುಗ್ಕಂತು ಸಾ."

ಯಾರೂ ಬೈಯಲಿಲ್ಲ. ಬೈಯುವಷ್ಟು ಹೊತ್ತು ಯಾರಿಗಿತ್ತು? ಎಲ್ಲರೂ ಪರದೆ ನೋಡುತ್ತಿದ್ದರು. ಅಲ್ಲಿ ಚನ್ನರಾಯಪಟ್ಟಣದವರ ಮುಖಗಳು ಒಂದೊಂದಾಗಿ, ಗುಲಾಬಿ ಎಸಳುಗಳ ಕೆಳಗೆ, ನಿಧಾನವಾಗಿ ಅರಳಿ, ನಿಧಾನವಾಗಿ ಬಾಡುತ್ತಿದ್ದವು. ಒಬ್ಬ ಬಾಯಿ ತೆರೆದ, ಮುಚ್ಚಲಿಲ್ಲ. ಒಬ್ಬರು ಪಕ್ಕದವರ ಟೋಪಿ ಕಿತ್ತು ಕಚ್ಚಿದರು. ನನ್ನ ಚುರುಮುರಿ ಯಜಮಾನರು ಪೊಟ್ಟಣದ ಸಮೇತ ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡರು. ಚುರುಮುರಿ ಅವರ ಕಿವಿಯ ಮೇಲಿಂದ ಎಸಳುಗಳ ಜೊತೆಗೇ ಇಳಿಯಿತು. ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು.

"ಲೇ, ಅಕ್ಷತೆ ಬೀಳ್ತಾ ಐತೆ ನೋಡ್ಲಾ!"

"ಇನ್ನೊಂದ್ಸಲ ಆಕಪ್ಪಾ, ನಮ್ಮಾವ ಕಾಣ್ತಾವ್ನೆ!"

ಇನ್ನೊಂದು ಸಲ ಹಾಕಿದ. ಮತ್ತೊಂದು ಸಲ. ಚೆಂಡನ್ನು ಯಾರೂ ಕೇಳಲಿಲ್ಲ. ಯಾರು ಯಾರನ್ನು ಹೊಡೆಯಲು ಬಂದಿದ್ದರೋ ಅವರು ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಊರಿಕೊಂಡು ನೋಡುತ್ತಿದ್ದರು.

ಆ ಮುಖಗಳಲ್ಲಿ ಒಂದು ನನ್ನದು. ಮೊದಲ ಸಲ ನನಗೆ ಗುರುತು ಹತ್ತಲಿಲ್ಲ. ಬಾಟಲಿ ಹಿಡಿದುಕೊಂಡ ಹೆಂಗಸೊಬ್ಬಳು, ಸುತ್ತಲಿನವರೆಲ್ಲ ಗೋಲಿನ ಕಡೆ ಬಗ್ಗಿರುವಾಗ, ಬಲಕ್ಕೆ ಎಲ್ಲೋ ನೋಡುತ್ತಿದ್ದಾಳೆ. ತುಟಿ ಅಲ್ಲಾಡುತ್ತಿದೆ. ಎರಡನೆಯ ಸಲ ಗೊತ್ತಾಯಿತು. ಅವಳು ನೋಡುತ್ತಿರುವುದು ರೆಫರಿಯನ್ನು. ಚೆಂಡು ಬಿದ್ದಾಗಲೂ, ಜನ ತಲೆಯ ಮೇಲೆ ಕೈ ಇಟ್ಟುಕೊಂಡಾಗಲೂ, ಆ ಕಣ್ಣು ಒಮ್ಮೆಯೂ ಗೆರೆಯ ಕಡೆ ಬರಲಿಲ್ಲ. ಹಾಗಿದ್ದರೆ ನಾನು ಇಂದಿಗೂ ಕಾಣುವ ಆ ಬಿಳಿ ಪುಡಿ ಎಲ್ಲಿಂದ ಎದ್ದಿತು? ಬೇರೆ ಯಾರೋ ಹೇಳಿದ್ದಿರಬೇಕು. ಅಥವಾ ನಾನೇ ಅಕ್ಕನಿಗಾಗಿ ಎಬ್ಬಿಸಿರಬೇಕು.

ಅಕ್ಕ ನಗಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ (ಈ ಸಲ ಇದಕ್ಕೆ ವಿಡಿಯೋ ಇಲ್ಲ). ಸಮಿತಿಯ ಯಜಮಾನರು ಕಣ್ಣು ಒರೆಸಿಕೊಳ್ಳುತ್ತ, "ಇನ್ನೇನು ಮೇಡಂ, ಅವ್ರ್ ಕಡೇರೇ ತಲೆ ಮ್ಯಾಲ್ ಕೈ ಮಡೀಕಂಡವ್ರೆ. ಗೋಲೇಯ ಅದು," ಎಂದರು.

"ಮುಖ ನೋಡಿ ಗೋಲ್ ಕೊಡಕ್ಕಾಗಲ್ಲ ಸಾ," ಎಂದಳು ಅಕ್ಕ. "ಚೆಂಡು ಕಾಣ್ಲಿಲ್ಲ. ನಾನು ತಪ್ಪು ಅಂತ್ಲೂ ಕಾಣ್ಲಿಲ್ಲ, ಸರಿ ಅಂತ್ಲೂ ಕಾಣ್ಲಿಲ್ಲ. ಅಂಗಾಗಿ ಮೊದ್ಲು ಕೊಟ್ಟಿದ್ದೇ ತೀರ್ಪು. ಗೋಲು."

ಅವಳ ದನಿ ಅಷ್ಟು ಸಪ್ಪೆಯಾಗಿ ಬಂದದ್ದು ನನಗೆ ಮಾತ್ರ ಕೇಳಿಸಿತೋ ಏನೋ. ಸಾಕ್ಷಿ ಸಿಗುತ್ತದೆಂದು ಓಡಿದ್ದವಳು ಮತ್ತೆ ತನ್ನ ಕಣ್ಣಿನ ಒಂಟಿ ಸಾಕ್ಷಿಯ ಬಳಿಗೇ ಬಂದಿದ್ದಳು. ಚನ್ನರಾಯಪಟ್ಟಣದ ನಾಯಕ ಅಳತೊಡಗಿದ್ದ ಗೋಲ್‌ಕೀಪರನ ತಲೆ ನೇವರಿಸಿ, "ಬಾರ್ಲಾ, ಪೆನಾಲ್ಟೀಲಿ ನೋಡ್ಕಳಾನ," ಎಂದು ಎಳೆದುಕೊಂಡು ಹೋದ. ಆಟ ಒಂದೊಂದು ಗೋಲಿಗೆ ಸಮವಾಗಿ ಮುಗಿಯಿತು, ಪೆನಾಲ್ಟಿಯಲ್ಲಿ ಗೆದ್ದವರೂ ಅವರೇ. ಅಳುತ್ತಿದ್ದ ಅದೇ ಗೋಲ್‌ಕೀಪರ್ ಕೊನೆಯ ಹೊಡೆತ ತಡೆದು, ಟಗರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದ. ಟಗರು ಅವನ ಕಿವಿ ನೆಕ್ಕಿತು. ಸೋತವರನ್ನೂ ಊಟಕ್ಕೆ ಕರೆದರು. ಕ್ಯಾಮರಾದವನು ಇದನ್ನೆಲ್ಲ ಒಂದೂ ಬಿಡದೆ ಹಿಡಿದ.

ಹೊರಡುವ ಮುಂಚೆ ಚುರುಮುರಿ ಯಜಮಾನರನ್ನು ಹುಡುಕಿಕೊಂಡು ಹೋಗಿ ಕೇಳಿದೆ, "ನೀವು ಕಂಡ್ರಾ ಯಜಮಾನ್ರೇ? ದಾಟಿತ್ತಾ?"

"ನಾನೆಲ್ ಕಂಡೆ ಬಿಡವ್ವ. ಆ ಗೋಲ್‌ಕೀಪರ್ರು ನನ್ ತಂಗಿ ಮಗ. ದಡಾರ್ ಅಂತ ಬಿದ್ದ, ಕೈ ಮುರ್ಕಂಡ್ನೇನೋ ಅಂತ ತಲೆ ಮ್ಯಾಲ್ ಕೈ ಒತ್ಕಂಡೆ."

ಅಲ್ಲಿಗೆ ಆ ಸಾಕ್ಷಿಯೂ ಹೋಯಿತು.

ಹಾಸನಕ್ಕೆ ಹಿಂತಿರುಗುವಾಗ ಸ್ಕೂಟರಿನಲ್ಲಿ ಅಕ್ಕನನ್ನೇ ಕೇಳಿದೆ. "ನಿಂಗೆ ಕಂಡಿತ್ತಾ?"

"ಕಂಡಂಗಿತ್ತು ಕಣೇ."

"ಕಂಡಂಗಿತ್ತೋ, ಕಂಡಿತ್ತೋ?"

"ಸೀಟಿ ಊದೋವಾಗ ಕಂಡಿತ್ತು. ಊದಿದ್ಮೇಲೆ ಕಂಡಂಗಿತ್ತು," ಎಂದಳು. ಆಗ ನಗಲು ಶುರುಮಾಡಿದಳು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ನಗು. ಸ್ಕೂಟರ್ ಓಲಾಡಿತು. ಪಕ್ಕಕ್ಕೆ ನಿಲ್ಲಿಸಿ, ಇಬ್ಬರೂ ಆಲೂಗೆಡ್ಡೆ ಹೊಲವೊಂದರ ಬದುವಿನ ಮೇಲೆ ಕೂತು, ಟೋಪಿ ಕಚ್ಚಿದವರನ್ನೂ ತಲೆ ಬಾಚಿಕೊಂಡವನನ್ನೂ ನೆನೆಸಿಕೊಂಡು, ಹೊಟ್ಟೆ ನೋಯುವವರೆಗೂ ನಕ್ಕೆವು.

ಮರುವರ್ಷ ಸಮಿತಿಯ ಯಜಮಾನರಿಂದ ಫೋನ್ ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು. "ಮೇಡಂ, ಸೀಟಿ ತಕಂಡ್ ಬನ್ನಿ, ಬಾವುಟ ಬ್ಯಾಡ. ಈ ಸಲ ಅಣ್ಣನೂ ಬತ್ತಾವ್ನೆ, ತಮ್ಮನೂ ಬತ್ತಾವ್ನೆ. ಅಣ್ಣ ಚೆಂಡಿಗೆ, ತಮ್ಮ ಜನಕ್ಕೆ. ಜನುದ್ ವಿಡಿಯೋ ಇಲ್ದಿದ್ರೆ ನಾವ್ ಬರಾಕಿಲ್ಲ ಅಂತಾವ್ರೆ ಎರಡೂರೋರೂವೆ."

ಅವಳ ತೀರ್ಪು ಸರಿಯೆಂದು ಕರೆದರೋ, ಎಲ್ಲರನ್ನೂ ನಗಿಸಿ ಕಳಿಸಿದ ಆಟಕ್ಕೆ ಅವಳು ರೆಫರಿಯಾಗಿದ್ದಳೆಂದು ಕರೆದರೋ, ಅವರು ಹೇಳಲಿಲ್ಲ, ಅಕ್ಕ ಕೇಳಲಿಲ್ಲ. ಅಂದಿನಿಂದ ಸೀಟಿ ಅವಳದೇ. ಆ ಗೋಲ್‌ಕೀಪರ್ ಎಲ್ಲಿ ಸಿಕ್ಕರೂ ದಾಟಿರಲಿಲ್ಲ ಮೇಡಂ ಎನ್ನುತ್ತಾನೆ. ಅಕ್ಕ ಗೋಲು ಕಣಪ್ಪ ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ. ಆ ಚೆಂಡು ಗೆರೆ ದಾಟಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.