ಗ್ರೇಸಮ್ಮನವರ ರೇಡಿಯೋ

ಆಕಾಶ ಅಳೆಯುವ ನಾವು ಔರಾದ ದಾಟಿ ಚಿಂತಾಕಿಗೆ ಬಂದದ್ದು ರೇಡಿಯೋ ಅಲೆಗಳ ಗದ್ದಲವಿಲ್ಲದ ಜಾಗ ಹುಡುಕಿಕೊಂಡು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೋ ಅಲೆ ಇನ್ನೂ ಆಕಾಶದಿಂದ ಬರುತ್ತಿದೆ, ಆದರೆ ತೀರಾ ಕ್ಷೀಣ. ಅದು ಸಿಗಬೇಕಾದರೆ ಸುತ್ತಲಿನ ಅಲೆಗಳನ್ನೆಲ್ಲ ಒಂದೊಂದಾಗಿ ಗುರುತಿಸಿ ಕಳೆಯಬೇಕು. ತೊಗರಿ ಹೊಲದಲ್ಲಿ ಆಂಟೆನಾ ನಿಲ್ಲಿಸಿದೆವು. ಯಂತ್ರದ ಪರದೆಯ ಮೇಲೆ ಯಾವುದೋ ಅಲೆಯ ಒಂದು ಸಣ್ಣ ಗೆರೆ ಮಾತ್ರ ಹೋಗಲೊಲ್ಲದು.

ಹುಡುಕಿದರೆ, ಹೊಲದ ಒಡತಿ, ನಿವೃತ್ತ ನರ್ಸ್ ಗ್ರೇಸಮ್ಮನವರ ಪಡಸಾಲೆಯ ಹಳೆಯ ರೇಡಿಯೋ! ಹಾಡು ಹಿಡಿಯುವ ರೇಡಿಯೋ ತಾನೂ ಸಣ್ಣಗೆ ಅಲೆ ಬಿಡುತ್ತದೆಂದು ಓದಿದ್ದೆ, ಕಂಡಿರಲಿಲ್ಲ.

“ಸ್ವಲ್ಪ ಹೊತ್ತು ಬಂದ್ ಮಾಡ್ತೀರೇನ್ರಿ, ಸಿಸ್ಟರ್?” ಅಂದೆ.

“ಅದಕ್ಕೇನ್ರಿ,” ಎಂದು ಟಕ್ಕನೆ ಗುಂಡಿ ತಿರುಗಿಸಿದರು. ಗೆರೆ ಮಾಯವಾಯಿತು. ಖುಷಿಯಿಂದ ಅಳತೆ ಮುಗಿಸಿದೆವು.

ಹೇಳಿ ಹೋಗಲು ಬಂದಾಗ ಅವರು ರೇಡಿಯೋ ಮತ್ತೆ ಹಚ್ಚಿ ಅದೇ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸುತ್ತ ನಿಂತಿದ್ದರು.

“ನಮ್ಮ ಯಜಮಾನ್ರು, ಮಾಸ್ತರು, ತೀರಿಕೊಂಡಾಗಿಂದ ಸೆಲ್ ಬದಲಿ ಮಾಡೀನಿ, ಗುಂಡಿ ಮುಟ್ಟಿದ್ದಿಲ್ರಿ. ಅವರು ಇಟ್ಟಷ್ಟೇ ಆವಾಜ್ ಇತ್ತು. ಬಂದ್ ಮಾಡೂದೂ ಇದೇ ಗುಂಡಿ, ಆವಾಜ್ ಇಡೂದೂ ಇದೇ ಅಂಬೋದು ಮರತುಬಿಟ್ಟೆ. ಇಷ್ಟೇ ಇತ್ತೇನ್ರಿ? ನೀವು ಅಳತಿ ಮಾಡೀರಲ್ಲ?”

ರೇಡಿಯೋ ಇದೆ ಎಂಬುದನ್ನಷ್ಟೇ ನಮ್ಮ ಯಂತ್ರ ಹೇಳಿತ್ತು. ಎಷ್ಟು ಜೋರಾಗಿ ಹಾಡುತ್ತಿತ್ತೋ, ಅದಕ್ಕೆ ಗೊತ್ತಿಲ್ಲ. ಎದುರಿಗೇ ನಿಂತಿದ್ದ ನಾನೂ ಗಮನಿಸಿರಲಿಲ್ಲ.

“ಇನ್ನೂ ಸ್ವಲ್ಪ ಸಣ್ಣಗಿತ್ತೇನೋ,” ಅಂದೆ.

ಗ್ರೇಸಮ್ಮ ತಗ್ಗಿಸಿದರು. ಕಿವಿ ಹಚ್ಚಿ ಕೇಳಿದರು.

“ಇಲ್ರಿ,” ಅಂದರು, “ಇದು ನಾ ಇಟ್ಟದ್ದು.”