ಚಿಕ್ಕ ಪೆಟ್ಟಿಗೆಯ ಹೊಸ ರಾಣಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯಲ್ಲಿ ಅವಳ ಎರಡು ಜೇನುಪೆಟ್ಟಿಗೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಅತ್ತೆಗೆ ಮಾತ್ರ ಜೇನುಹುಳ ಕಂಡರಾಗದು. ಸೊಸೆ ಹೊಲಿಯುವ ಸೂಜಿ ಸಾಲದೆಂದು ಹಾರುವ ಸೂಜಿಗಳನ್ನೂ ಸಾಕಿದ್ದಾಳೆ ಎಂದು ನೆರೆಯವರ ಮುಂದೆ ಗೊಣಗುತ್ತಿದ್ದರು.

ಒಂದು ದಿನ ಟೈಲರಕ್ಕ ಚಿಕ್ಕ ಪೆಟ್ಟಿಗೆ ತೆರೆದು, ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ರಾಣಿಯ ಸುಳಿವಿಲ್ಲ, ಒಂದೇ ಒಂದು ಮೊಟ್ಟೆಯೂ ಇಲ್ಲ. ಮೊಟ್ಟೆಯಿಡುವವಳೇ ಹೋದ ಮೇಲೆ ಆ ಸಂಸಾರ ಉಳಿಯುವುದೆಲ್ಲಿ? ಅವಳು ಯೋಚಿಸಿ, ದೊಡ್ಡ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿದ್ದ ಒಂದು ಎರಿಯನ್ನು, ಅದರಲ್ಲಿ ರಾಣಿ ಕೂತಿಲ್ಲವೆಂದು ಎರಡೆರಡು ಸಲ ನೋಡಿ, ತಂದು ಇಲ್ಲಿಟ್ಟಳು. ಅದರಲ್ಲೊಂದು ಮೊಟ್ಟೆಯಿಂದ ಬೇಕಾದ ರಾಣಿಯನ್ನು ಹುಳಗಳೇ ಬೆಳೆಸಿಕೊಳ್ಳಲಿ ಎಂದು.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬಂತಾಯಿತು. ಮರುದಿನ ಬಟ್ಟೆ ಒಣಹಾಕಲು ಹೋದ ಅತ್ತೆ ಅರ್ಧಕ್ಕೇ ಇಳಿದು ಬಂದರು.

"ನಿನ್ನ ಹುಳ ಬಾಗಿಲಲ್ಲೇ ಕುಸ್ತಿ ಆಡ್ತಿವೆ ಕಣೇ. ಕೆಲವು ಸತ್ತೂ ಬಿದ್ದಿವೆ."

ಟೈಲರಕ್ಕ ಹೊಲಿಗೆ ಬಿಟ್ಟು ಓಡಿದಳು. ಎಲ್ಲಿಂದಲೋ ಬಂದ ಬೇರೆ ಜೇನುಹುಳಗಳು ರಾಣಿಯಿಲ್ಲದ ಬಡ ಪೆಟ್ಟಿಗೆಯ ಜೇನು ದೋಚುತ್ತಿದ್ದವು. ಮರದ ಪಟ್ಟಿಯೊಂದನ್ನು ಅಡ್ಡ ಸಿಕ್ಕಿಸಿ, ಒಂದೆರಡು ಹುಳ ನುಸುಳುವಷ್ಟೇ ಬಾಗಿಲು ಉಳಿಸಿದಳು. ಕಿರಿದಾದ ಬಾಗಿಲನ್ನು ಕಾಯಲು ಕೆಲವೇ ಹುಳ ಸಾಕು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದಳು. ಹುಳಗಳಿಗೆ ಆಹಾರವಾಗಿ ಸಕ್ಕರೆ ಪಾನಕವನ್ನು ಹೊರಗೆ ಒಂದು ಹನಿಯೂ ಚೆಲ್ಲದಂತೆ ಸಂಜೆ ಒಳಗಿಟ್ಟಳು. ವಾಸನೆ ಹಿಡಿದು ಕಳ್ಳರು ಮತ್ತೆ ಬರಬಾರದಲ್ಲ.

ಮುಂದಿನ ವಾರ ಎರಿಯ ಅಂಚಿನಲ್ಲಿ ಕಡಲೆಕಾಯಿಯಂಥ ರಾಣಿಗೂಡು ಜೋತುಬಿದ್ದಿತ್ತು. ಇನ್ನು ಪೆಟ್ಟಿಗೆ ಅಲುಗಾಡಿಸಬಾರದು, ತೆರೆಯಲೂಬಾರದು. ಹುಟ್ಟಿದ ರಾಣಿ ಗಂಡುಹುಳಗಳನ್ನು ಕೂಡಲು ಆಕಾಶಕ್ಕೆ ಹಾರಿ, ಹಕ್ಕಿಯ ಬಾಯಿಗೆ ಸಿಗದೆ ಮರಳಬೇಕು ಎಂದು ಸೊಸೆ ಅತ್ತೆಗೆ ಹೇಳಿದಳು. ಅಂದಿನಿಂದ ಅತ್ತೆ ತಾರಸಿಯಲ್ಲಿ ಕಾಗೆ ಕೂತರೂ ಓಡಿಸತೊಡಗಿದರು.

ಕಾಯುವ ಕೆಲಸ ಟೈಲರಕ್ಕನಿಗೆ ಒಗ್ಗದು. ಕೈ ಮುಚ್ಚಳದತ್ತ ಹೋದಾಗಲೆಲ್ಲ ತಡೆದುಕೊಂಡಳು. ಕೊನೆಗೊಂದು ಬೆಳಿಗ್ಗೆ ಅತ್ತೆಯೇ ಮೇಲಿನಿಂದ ಕರೆದರು.

"ಕಾಲಿಗೆಲ್ಲ ಹಳದಿ ಮೆತ್ಕೊಂಡು ಒಳಗೆ ಹೋಗ್ತಿವೆ, ಬಾರೇ."

"ಅದು ಹೂವಿನ ಪರಾಗ ಅತ್ತೆ. ಮರಿಗಳಿಗೆ ಊಟ. ರಾಣಿ ಮೊಟ್ಟೆ ಇಟ್ಟಿರಬೇಕು."

ಅವಳು ಮುಚ್ಚಳ ತೆಗೆದು ಒಂದು ಎರಿ ಎತ್ತಿದಳು. ಕೋಣೆಕೋಣೆಯಲ್ಲೂ ಕತ್ತರಿಸಿದ ಬಿಳಿ ನೂಲಿನ ಚೂರಿನಂತೆ ಒಂದೊಂದು ಮೊಟ್ಟೆ. ನಡುವೆ ಉದ್ದ ಮೈಯ ಹೊಸ ರಾಣಿ, ಯಾರ ಗೊಡವೆಯೂ ಇಲ್ಲದೆ ತನ್ನ ಪಾಡಿಗೆ ನಡೆಯುತ್ತಿತ್ತು. ಸೊಸೆಯ ಭುಜದ ಹಿಂದಿನಿಂದ ಕತ್ತು ಚಾಚಿ ನೋಡಿದ ಅತ್ತೆ, ಬಾಣಂತಿ ಇರುವ ಮನೆಯಲ್ಲಿ ಮಾತಾಡುವಂತೆ ದನಿ ತಗ್ಗಿಸಿದರು.

"ಮುಚ್ಚಳ ಮುಚ್ಚೇ, ಗಾಳಿ ಬೀಸ್ತಿದೆ."